ಡಬ್ಬ ಹಸಿರು ಮಿಣುಕುತ್ತೆ, ಮ್ಯಾಕ್ ಇಲ್ಲ ಅನ್ನುತ್ತೆ

“ಸರ್ವರ್‌ಗೆ ಕನೆಕ್ಟ್ ಆಗೋದ್ರಲ್ಲಿ ಏನೋ ತೊಂದರೆ ಆಯ್ತಂತೆ.”

“ಏನು ತೊಂದರೆಯಂತೆ?”

“ಅದನ್ನ ಹೇಳಲ್ಲ. ‘ಓಕೆ’ ಅಂತ ಒಂದು ಬಟನ್ ಕೊಟ್ಟಿದೆ.”

“ಒತ್ತಿದ್ಯಾ?”

“ಒತ್ತಿದೆ. ಏನೂ ಓಕೆ ಆಗ್ಲಿಲ್ಲ.”

ಮೈಸೂರಿನ ಸರಸ್ವತಿಪುರಂನಲ್ಲಿ ಮೊದಲ ಮಹಡಿ ಮೇಲಿರುವ ನಾಗೇಶನ ಮದುವೆ ಫೋಟೋ ಸ್ಟುಡಿಯೊ ಅದು. ಎರಡು ಮ್ಯಾಕ್, ಒಂದು ಹಳೇ ವಿಂಡೋಸ್ ಪಿ.ಸಿ., ಮೂಲೆಯಲ್ಲಿ ಎಲ್ಲ ಕಂಪ್ಯೂಟರಿನ ಫೈಲನ್ನೂ ಒಂದೇ ಕಡೆ ಇಡೋ ಎರಡು ಡಿಸ್ಕಿನ ನ್ಯಾಸ್ ಡಬ್ಬ. ಆಲ್ಬಂ ಡಿಸೈನ್ ಮಾಡೋಳು ರೂಪಾ. ಪೇಪರ್ ಓದೋಕೆ ದಿನಾ ಬರೋರು ಟೆಲಿಫೋನ್ ಇಲಾಖೆಯಿಂದ ರಿಟೈರಾದ ರಂಗಣ್ಣ. ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳೋ ಸತೀಶ, ಕರೆದಾಗ ಮಾತ್ರ ಬರುತ್ತಾನೆ. ನಾನು ಕರೆಯದಿದ್ದರೂ ಬರುತ್ತೇನೆ.

“ಡಬ್ಬ ಸತ್ತಿದೆಯೇನೋ” ಅಂದೆ.

“ಸತ್ತಿದ್ರೆ ಹಸಿರು ದೀಪ ಯಾಕೆ ಮಿಣುಕ್ತಿತ್ತು?” ಅಂದ ನಾಗೇಶ. “ಡಬ್ಬ ಕೊಟ್ಟ ಅಂಗಡಿಯೋನಿಗೆ ಫೋನ್ ಮಾಡಿದ್ರೆ ಮ್ಯಾಕ್ ಪ್ರಾಬ್ಲಂ ಅಂತಾನೆ. ಮ್ಯಾಕ್ ಕೊಟ್ಟೋನು ಡಬ್ಬದ ಪ್ರಾಬ್ಲಂ ಅಂತಾನೆ. ಇಂಟರ್ನೆಟ್ ಹುಡುಗ ರೂಟರ್ ರೀಸ್ಟಾರ್ಟ್ ಮಾಡಿ ಸಾರ್ ಅಂತಾನೆ. ಅವನೊಬ್ಬನೇ ಯಾರನ್ನೂ ದೂರಲ್ಲ, ಒಳ್ಳೇ ಹುಡುಗ.”

ರಂಗಣ್ಣ ಪೇಪರ್ ಮಡಚದೆ ಹೇಳಿದರು: “ಮೊದಲು ವೈರ್ ನೋಡ್ರಪ್ಪ.”

ಎಲ್ಲರೂ ನಕ್ಕೆವು. ಮೂವತ್ತು ವರ್ಷ ಕಂಬ ಹತ್ತಿಳಿದೋರಿಗೆ ವೈರ್ ಬಿಟ್ಟು ಬೇರೇನು ಕಂಡೀತು ಅಂತ. ಸತೀಶ ಮಾತ್ರ ನಗಲಿಲ್ಲ. “ನಾಗ, ಫೋಟೋ ಕಾಪಿ ಆಗುವಾಗ ಸ್ಪೀಡ್ ಎಷ್ಟು ಬರ್ತಿತ್ತು?”

“ಸೆಕೆಂಡಿಗೆ ಹನ್ನೊಂದು, ಹನ್ನೆರಡು ಎಂ.ಬಿ. ಯಾವತ್ತೂ ಅಷ್ಟೇ. ನಲವತ್ತು ಜಿ.ಬಿ. ಮದುವೆ ಹಾಕಿದ್ರೆ ಒಂದು ಗಂಟೆ. ಊಟ ಮಾಡ್ಕೊಂಡು ಬರೋಕೆ ಸರಿಹೋಗುತ್ತೆ.”

“ನಿನ್ನ ಊಟಕ್ಕೆ ಸರಿಹೋಗುತ್ತೆ ಕಣೋ, ಡಬ್ಬಕ್ಕಲ್ಲ. ಗಿಗಾಬಿಟ್ ಅಂದ್ರೆ ಸೆಕೆಂಡಿಗೆ ನೂರಹತ್ತು ಎಂ.ಬಿ. ಆಸುಪಾಸು ಬರಬೇಕು. ಹನ್ನೆರಡರ ಹತ್ರ ನಿಂತಿದೆ ಅಂದ್ರೆ ಲೈನು ನೂರು ಮೆಗಾಬಿಟ್ಟಿಗೆ ಇಳಿದಿದೆ ಅಂತ ಅರ್ಥ. ಕೇಬಲ್ ಒಳಗೆ ಎಂಟು ತಂತಿ ಇರುತ್ತೆ. ನೂರಕ್ಕೆ ನಾಲ್ಕು ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಕಟ್ಟಾದ್ರೂ ಬಾಯಿ ಬಿಡದೆ ನೂರಕ್ಕೆ ಇಳಿದು ಕೂತ್ಕೊಳ್ಳುತ್ತೆ.”

ಬಗ್ಗಿ ನೋಡಿದರೆ ನೀಲಿ ಕೇಬಲ್ ಮೇಲೆ ಗಾಡ್ರೇಜ್ ಬೀರುವಿನ ಕಾಲು. ಬೀರು ಅಲ್ಲಿಗೆ ಬಂದಿದ್ದು ವಾಸ್ತು ನೋಡಿ. ರಂಗಣ್ಣ ಪೇಪರ್ ಮಡಚಿ ಜೇಬಿನಿಂದ ಕನ್ನಡಕ ತೆಗೆದು ಒರೆಸಿಕೊಂಡು ಹಾಕಿಕೊಂಡರು. ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ಎಲ್ಲರಿಗೂ ಕೇಳಿಸಿತು.

ಕೇಬಲ್ ಬದಲಾಯಿಸಿದ್ದಾಯಿತು. ಮ್ಯಾಕ್ ಮಾತ್ರ ಮತ್ತದೇ ವಿನಯದಿಂದ “ತೊಂದರೆ ಆಯಿತು” ಅಂದಿತು. ಇದರ ಸಂದೇಶಗಳ ಬಗ್ಗೆ ನನ್ನದೊಂದು ತಕರಾರಿದೆ. ಬೈದರೂ ಪರವಾಗಿಲ್ಲ, ಎಲ್ಲಿ ನೋಯುತ್ತಿದೆ ಅಂತ ಹೇಳಬೇಕು. ಇದು ಬೈಯುವುದೂ ಇಲ್ಲ, ಹೇಳುವುದೂ ಇಲ್ಲ. ಹಾಗಾಗಿ ಒಂದೊಂದನ್ನೇ ‘ಇದಲ್ಲ, ಇದಲ್ಲ’ ಅಂತ ತೆಗೆಯುತ್ತಾ ಹೋಗೋದು ಬಿಟ್ಟು ಬೇರೆ ದಾರಿಯೇ ಇಲ್ಲ.

ಸತೀಶ ಫೈಂಡರ್‌ಗೆ ಹೋಗಿ ಕಮಾಂಡ್-ಕೆ ಒತ್ತಿದ. ಫೈಲ್ ಹಂಚಿಕೊಳ್ಳೋ ಪದ್ಧತಿಯ ಹೆಸರಾದ ಎಸ್‌ಎಂಬಿ, ಕೋಲನ್, ಎರಡು ಸ್ಲ್ಯಾಶ್, ಆಮೇಲೆ ಡಬ್ಬದ ಹೆಸರು ಬಿಟ್ಟು ಅದರ ನೆಟ್‌ವರ್ಕ್ ವಿಳಾಸವಾದ ಐ.ಪಿ. ನಂಬರನ್ನೇ ಟೈಪ್ ಮಾಡಿದ. “ಹೆಸರಲ್ಲಿ ಸಿಗದೆ ನಂಬರಲ್ಲಿ ಸಿಕ್ಕಿದ್ರೆ ಡಬ್ಬ ಸರಿಯಿದೆ, ಹೆಸರು ಹುಡುಕೋ ಬೋನ್‌ಜೂರ್ ಎಡವಿದೆ ಅಂತ. ಎರಡರಲ್ಲೂ ಸಿಗದಿದ್ರೆ ಮ್ಯಾಕು ಡಬ್ಬ ಒಂದೇ ನೆಟ್‌ವರ್ಕಲ್ಲಿ ಇವೆಯಾ ನೋಡಬೇಕು. ನೀನು ಗೆಸ್ಟ್ ವೈ-ಫೈಗೆ ಹಾಕಿದ್ರೆ ಬೆಳಗಿನ ತನಕ ಕೂತರೂ ಡಬ್ಬ ಸಿಗಲ್ಲ.”

ನಂಬರ್ ಹೊಡೆದದ್ದೇ ಪಾಸ್‌ವರ್ಡನ್ನೂ ಕೇಳದೆ ಮತ್ತೆ ತೊಂದರೆ.

“ಪಾಸ್‌ವರ್ಡ್ ಯಾವಾಗಲಾದ್ರೂ ಬದಲಾಯಿಸಿದ್ಯಾ?”

“ಹೋದ ವಾರ. ಹಳೇದು ಎಲ್ಲರಿಗೂ ಗೊತ್ತಾಗಿತ್ತು.”

“ಹೊಸದು?”

“ಮಾನಿಟರ್ ಮೇಲೆ ಚೀಟಿ ಅಂಟಿಸಿದ್ದೀನಿ ನೋಡು.”

ಸತೀಶ ಒಂದು ನಿಮಿಷ ಕಣ್ಣು ಮುಚ್ಚಿಕೊಂಡ. ಆಮೇಲೆ ಹೇಳಿದ: ಹಳೇ ಪಾಸ್‌ವರ್ಡ್, ಮ್ಯಾಕ್ ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ಕೀಚೈನ್‌ನಲ್ಲಿ ಉಳಿದುಕೊಂಡಿದೆ. ನಿಮ್ಮನ್ನು ಕೇಳದೆ ಅದನ್ನೇ ಕಳಿಸುತ್ತಿದೆ. ನಾಲ್ಕೈದು ಸಲ ತಪ್ಪು ಪಾಸ್‌ವರ್ಡ್ ಬಂದಾಗ ಡಬ್ಬ ಯಾರೋ ಕಳ್ಳ ಬಂದ ಅಂತ ಆ ಮ್ಯಾಕ್‌ನ ಐ.ಪಿ.ಯನ್ನೇ ಬ್ಲಾಕ್ ಮಾಡಿದೆ. ಬಹಳಷ್ಟು ನ್ಯಾಸ್‌ಗಳಲ್ಲಿ ಈ ಕಾವಲು ಇರುತ್ತದೆ. ಇನ್ನೊಂದು ಮ್ಯಾಕ್‌ನ ಬ್ರೌಸರ್‌ನಲ್ಲಿ ಡಬ್ಬದ ಪುಟ ತೆಗೆದು ಬ್ಲಾಕ್ ಪಟ್ಟಿಯಿಂದ ಬಿಡಿಸಿ, ಕೀಚೈನ್‌ನಲ್ಲಿ ಹಳೇ ನಮೂದು ಅಳಿಸಿದ ಮೇಲೆ ಮ್ಯಾಕ್ ಮೊದಲ ಸಲ ಬಾಯಿಬಿಟ್ಟು ಪಾಸ್‌ವರ್ಡ್ ಕೇಳಿತು. ಫೋಲ್ಡರ್‌ಗಳು ಬಂದವು.

“ಬ್ಯಾಕಪ್ ಆ್ಯಪ್ ಇನ್ನೂ ಡಬ್ಬ ಸಿಗ್ತಿಲ್ಲ ಅಂತಿದೆ ಸರ್” ಅಂದಳು ರೂಪಾ.

“ಮೊದಲ ಸಲ ತೆರೆದಾಗ ‘ಲೋಕಲ್ ನೆಟ್‌ವರ್ಕ್‌ನಲ್ಲಿ ಸಾಧನ ಹುಡುಕಬಹುದಾ’ ಅಂತ ಕೇಳಿತ್ತಾ?”

“ಕೇಳಿತ್ತು. ಬೇಡ ಅಂದೆ.”

“ಯಾಕೆ?”

“ಯಾರು ಏನು ಕೇಳಿದ್ರೂ ಬೇಡ ಅನ್ನು ಅಂತ ನಾಗೇಶ್ ಸರ್ ಹೇಳಿದ್ದಾರೆ.”

2024ರ ಸಿಕೋಯಾ ಆವೃತ್ತಿಯಿಂದ ಮ್ಯಾಕ್‌ನಲ್ಲಿ ಈ ಅನುಮತಿ ಬಂದಿದೆ. ಪ್ರೈವೆಸಿ ಸೆಟ್ಟಿಂಗಿನಲ್ಲಿ ಲೋಕಲ್ ನೆಟ್‌ವರ್ಕ್ ಅಂತ ಒಂದು ಪಟ್ಟಿ ಇರುತ್ತದೆ. ಅಲ್ಲಿ ಗುಂಡಿ ಆನ್ ಮಾಡಿದ್ದಾಯಿತು.

ಅಷ್ಟರಲ್ಲಿ ಟೀ ಬಂತು. ರಂಗಣ್ಣನಿಗೆ ವೈರ್ ಗೆದ್ದ ಹುರುಪು. “ಅಲ್ಲಪ್ಪ, ಈ ಎರಡಕ್ಕೂ ಮಾತಾಡೋಕೆ ಒಂದು ಭಾಷೆ ಅಂತ ಇಲ್ವಾ?”

“ಇದೆ ರಂಗಣ್ಣೋರೆ. ಮೊದಲು ಆ್ಯಪಲ್‌ದೇ ಒಂದಿತ್ತು, ಎಎಫ್‌ಪಿ. 2013ರ ಮ್ಯಾವರಿಕ್ಸ್‌ನಿಂದ ಎಸ್‌ಎಂಬಿಯನ್ನೇ ಮುಂದೆ ಮಾಡಿದ್ರು. 2020ರ ಬಿಗ್ ಸರ್ ಬಂದ ಮೇಲೆ ಮ್ಯಾಕ್ ತನ್ನ ಫೈಲನ್ನ ಎಎಫ್‌ಪಿಯಲ್ಲಿ ಹಂಚೋದೂ ನಿಂತಿತು. ಉಳಿದದ್ದನ್ನೂ ತೆಗೀತೀವಿ ಅಂತ ಹೇಳಿಟ್ಟಿದ್ದಾರೆ. ಎಸ್‌ಎಂಬಿ ಹುಟ್ಟಿದ್ದು ಎಂಬತ್ತರ ದಶಕದಲ್ಲಿ ಐಬಿಎಂನಲ್ಲಿ, ಬೆಳೆಸಿದ್ದು ಮೈಕ್ರೋಸಾಫ್ಟ್. ನಿಮ್ಮ ಈ ಡಬ್ಬದೊಳಗೆ ಇರೋದು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ, ಅದರ ಮೇಲೆ ಎಸ್‌ಎಂಬಿ ಮಾತಾಡೋ ಸಾಂಬಾ ಅನ್ನೋ ಪ್ರೋಗ್ರಾಂ.”

“ಸಾಂಬಾನಾ?”

“ಆ್ಯಂಡ್ರ್ಯೂ ಟ್ರಿಜೆಲ್ ಅಂತ ಆಸ್ಟ್ರೇಲಿಯಾದೋನು. ಕ್ಯಾನ್‌ಬೆರಾದ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದಾಗ, ತೊಂಬತ್ತೊಂದು ತೊಂಬತ್ತೆರಡರಲ್ಲಿ, ಎರಡು ಕಂಪ್ಯೂಟರ್ ಮಧ್ಯೆ ಏನು ಓಡಾಡ್ತಿದೆ ಅಂತ ಕದ್ದು ನೋಡಿ ನೋಡಿಯೇ ಶುರು ಮಾಡಿದ. ಹೆಸರು ಬೇಕಾದಾಗ ಎಸ್, ಎಂ, ಬಿ ಮೂರೂ ಅದೇ ಕ್ರಮದಲ್ಲಿ ಬರೋ ಪದ ಯಾವುದು ಅಂತ ಡಿಕ್ಷನರಿ ಫೈಲ್‌ನಲ್ಲಿ ಹುಡುಕಿಸಿದ. ಸಾಂಬಾ ಸಿಕ್ತು.”

“ನಾವು ಪಂಚಾಂಗ ನೋಡ್ತೀವಿ, ಅವನು ಡಿಕ್ಷನರಿ ನೋಡಿದ. ಅಕ್ಷರದ ಮೇಲೆ ಹೆಸರಿಡೋದು ಎಲ್ಲ ಕಡೆ ಇದೆ ಅಂತಾಯ್ತು.”

“ಆ್ಯಪಲ್‌ನೋರೂ ಮೊದಲು ಸಾಂಬಾನೇ ಬಳಸ್ತಿದ್ರು. ಅದರ ಲೈಸೆನ್ಸ್ ಬಿಗಿಯಾದ ಮೇಲೆ 2011ರಲ್ಲಿ ಬಿಟ್ಟು ತಮ್ಮದೇ ಬರ್ಕೊಂಡ್ರು. ಈಗ ಡಬ್ಬದಲ್ಲಿ ಒಬ್ಬರು ಬರೆದ ಎಸ್‌ಎಂಬಿ, ಮ್ಯಾಕ್‌ನಲ್ಲಿ ಇನ್ನೊಬ್ಬರು ಬರೆದದ್ದು.”

“ಬೀಗರು” ಅಂದರು ರಂಗಣ್ಣ.

ನಾಗೇಶ ಅಟ್ಟದಿಂದ ಹಳೇ ರೂಟರೊಂದನ್ನು ಇಳಿಸಿದ. ಅದರ ಹಿಂದೆ ಯುಎಸ್‌ಬಿ ಡಿಸ್ಕ್ ಸಿಕ್ಕಿಸಬಹುದು, ಇದನ್ನೂ ಜೋಡಿಸಿಕೊಡು ಅಂದ. ಅದಕ್ಕೆ ಬರೋದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ ಅಂತ ಗೊತ್ತಾದದ್ದೇ ಸತೀಶ ಅದನ್ನು ಮುಟ್ಟಲೂ ಒಪ್ಪಲಿಲ್ಲ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳುವ ವಾನಾಕ್ರೈ ಅನ್ನೋ ಪೀಡೆ ನುಗ್ಗಿ ಬ್ರಿಟನ್ನಿನ ಆಸ್ಪತ್ರೆಗಳನ್ನೂ ನಿಲ್ಲಿಸಿದ್ದು ಅದೇ ಬಾಗಿಲಿನಿಂದ. ಎಷ್ಟೋ ಜನ ಮ್ಯಾಕ್ ಸಿಗುತ್ತಿಲ್ಲ ಅಂದಕೂಡಲೇ ಡಬ್ಬದಲ್ಲಿ ಅದನ್ನೇ ಆನ್ ಮಾಡಿಬಿಡುತ್ತಾರೆ. ಮಾಡಬಾರದು. ಇದರಲ್ಲಿ ನಾನು ಪೂರ್ತಿ ಸತೀಶನ ಪಕ್ಷ.

“ಇನ್ನೊಂದಿದೆ ಕಣೋ” ಅಂದ ನಾಗೇಶ. “ಪೆನ್‌ಡ್ರೈವಲ್ಲಿ ಫೋಟೋ ಹಾಕಿ ಕೊಟ್ರೆ ಹುಡುಗಿ ಅಪ್ಪ ಫೋನ್ ಮಾಡ್ತಾರೆ. ಟಿ.ವಿ.ಯಲ್ಲಿ ಒಂದು ಫೋಟೋ ಬಂದ್ರೆ ಇನ್ನೊಂದು ಕಪ್ಪು. ಮತ್ತೊಂದು ಫೋಟೋ, ಮತ್ತೆ ಕಪ್ಪು. ಧಾರೆ ಸಮಯದಲ್ಲೆಲ್ಲ ಕರೆಂಟ್ ಹೋಗಿತ್ತಾ ಅಂತ ಕೇಳಿದ್ರು.”

ಹಳೇ ಪಿ.ಸಿ.ಯಲ್ಲಿ ಪೆನ್‌ಡ್ರೈವ್ ತೆರೆದರೆ ಪ್ರತಿ ಫೋಟೋಗೂ ಅದೇ ಹೆಸರಿನ ಒಂದು ಬಾಲ. ಹೆಸರಿನ ಮುಂದೆ ಒಂದು ಚುಕ್ಕಿ, ಒಂದು ಅಡಿಗೆರೆ, ಗಾತ್ರ 4 ಕೆ.ಬಿ. ಮ್ಯಾಕ್ ಫೈಲಿನ ಬಗ್ಗೆ ತನ್ನ ಟಿಪ್ಪಣಿಗಳನ್ನು ಇಡಲು ಜಾಗವಿಲ್ಲದ ಡಿಸ್ಕಿನಲ್ಲಿ ಹೀಗೆ ಪಕ್ಕದಲ್ಲೇ ಒಂದು ಫೈಲ್ ಇಡುತ್ತದೆ. ಮ್ಯಾಕ್‌ಗೆ ಅದು ಕಾಣುವುದಿಲ್ಲ, ಲೋಕಕ್ಕೆಲ್ಲ ಕಾಣುತ್ತದೆ. ಕೊಡುವ ಮುಂಚೆ ಅಳಿಸಿ ಕೊಡಬೇಕು. ನ್ಯಾಸ್ ಆದರೆ ಸಾಂಬಾದೊಳಗೆ ಇದಕ್ಕೆಂದೇ ಒಂದು ಜೋಡಣೆ ಇದೆ, ಆ ಟಿಪ್ಪಣಿಗಳನ್ನು ಬೇರೆ ಫೈಲ್ ಮಾಡದೆ ಒಳಗೇ ಇಟ್ಟುಕೊಳ್ಳುತ್ತದೆ. ಹೆಸರು ‘ಫ್ರೂಟ್’. ಆ್ಯಪಲ್‌ಗೆ ಸಾಂಬಾದವರ ಕುಚೋದ್ಯ.

ರೂಪಾ ಆಗಿನಿಂದ ಏನೋ ಹೇಳಬೇಕೆಂದು ಕಾಯುತ್ತಿದ್ದಳು. “ಸರ್, ನನ್ನದು ಬೇರೆ ಪ್ರಾಬ್ಲಂ. ‘ಮೋಹನ-ಗೀತಾ’ ಅಂತ ಹಳೇ ಫೋಲ್ಡರ್ ಕಾಣುತ್ತೆ, ತೆರೆದ್ರೆ ಇಲ್ಲ ಅನ್ನುತ್ತೆ. ‘ರವಿ-ಸುಮ’ ಚೆನ್ನಾಗಿ ತೆರೆಯುತ್ತೆ. ಅದಕ್ಕೇ ಅದೇ ಹೆಸರಲ್ಲಿ ಹೊಸದು ಮಾಡಿದೆ. ಈಗ ಡಬ್ಬದ ಪುಟದಲ್ಲಿ ನೋಡಿದ್ರೆ ಎರಡು ‘ಮೋಹನ-ಗೀತಾ’.”

ನಿಜ. ಬ್ರೌಸರ್‌ನಲ್ಲಿ ಒಂದರ ಕೆಳಗೊಂದು ಎರಡು. ಅಕ್ಷರದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಸತೀಶ ಕುರ್ಚಿ ಎಳೆದುಕೊಂಡ. ಮಧ್ಯಾಹ್ನದಿಂದ ಅವನ ಮುಖದಲ್ಲಿ ಕಾಣದಿದ್ದ ಖುಷಿ ಈಗ ಕಂಡಿತು.

“ರಂಗಣ್ಣೋರೆ, ‘ಮ’ಕಾರದ ಗುಣಿತ ಹೇಳಿ.”

“ಮ ತಲಕಟ್ಟು ಮ, ಮ ಇಳಿ ಮಾ, ಮ ಗುಡಿಸು ಮಿ, ಮ ಗುಡಿಸಿನ ದೀರ್ಘ ಮೀ…”

“ನಿಲ್ಲಿ. ಈ ಗುಡಿಸಿನ ದೀರ್ಘವನ್ನ ಕಂಪ್ಯೂಟರಲ್ಲಿ ಅಕ್ಷರಕ್ಕೆ ಸಂಕೇತ ಕೊಡೋ ಯೂನಿಕೋಡಲ್ಲಿ ಎರಡು ಥರ ಬರೀಬಹುದು. ಇಡಿಯಾಗಿ ಒಂದು ಸಂಕೇತ, ಇಲ್ಲ ಗುಡಿಸು ಒಂದು, ದೀರ್ಘ ಒಂದು. ಓತ್ವದ ದೀರ್ಘ ಇನ್ನೂ ಮಜಾ. ಇಡಿಯಾದ್ರೆ ಒಂದು, ಬಿಡಿಸಿದ್ರೆ ಮೂರು: ಏತ್ವ, ಕೊಂಬಿನ ಇಳಿ, ದೀರ್ಘ. ಪರದೆ ಮೇಲೆ ಎರಡೂ ಒಂದೇ ‘ಮೋ’. ಮ್ಯಾಕ್‌ನ ಹಳೇ ಡಿಸ್ಕ್ ಪದ್ಧತಿ ಹೆಸರನ್ನ ಬಿಡಿಸಿ ಬರೀತಿತ್ತು. ಹಳೇ ಮ್ಯಾಕಿಂದ ಇಲ್ಲಿಗೆ ಯಾರು ತುಂಬಿದ್ರು?”

“ಅಂಗಡಿ ಹುಡುಗ. ಕಪ್ಪು ಪರದೆ ತೆಗೆದು ಆರ್‌ಸಿಂಕ್ ಅಂತ ಏನೋ ಹೊಡೆದ.”

“ಅದೇ. ಆರ್‌ಸಿಂಕ್ ಇದ್ದಿದ್ದನ್ನ ಇದ್ದ ಹಾಗೇ ತುಂಬಿತು, ಲಿನಕ್ಸ್ ಕೊಟ್ಟಿದ್ದನ್ನ ಕೊಟ್ಟ ಹಾಗೇ ಇಟ್ಕೊಂಡಿತು. ಈಗ ಮ್ಯಾಕ್ ಎಸ್‌ಎಂಬಿಯಲ್ಲಿ ಇಡಿಯಾದ ‘ಮೋ’ ಕೇಳುತ್ತೆ. ಡಬ್ಬದಲ್ಲಿರೋದು ಬಿಡಿಸಿದ ‘ಮೋ’. ಇಲ್ಲ ಅನ್ನುತ್ತೆ.”

“ಬ್ಯಾಂಕಲ್ಲಿ ನನ್ನ ಪೆನ್ಶನ್‌ಗೆ ಆಗಿದ್ದೂ ಇದೇ” ಅಂದರು ರಂಗಣ್ಣ. “ಆಧಾರಲ್ಲಿ ಇನಿಶಿಯಲ್ ಮುಂದೆ, ಪಾಸ್‌ಬುಕ್ಕಲ್ಲಿ ಹಿಂದೆ. ಎದುರಿಗೆ ನಾನೇ ನಿಂತಿದ್ದೀನಿ, ಈ ಹೆಸರಿನೋರು ಯಾರೂ ಇಲ್ಲ ಅಂದ್ರು.”

“ಎಲ್ಲ ಅಕ್ಷರಕ್ಕೂ ಹೀಗೇನಾ?” ನಾಗೇಶನಿಗೆ ಗಾಬರಿ.

“ಐದೇ ಗುಣಿತ. ಗುಡಿಸಿನ ದೀರ್ಘ, ಏತ್ವದ ದೀರ್ಘ, ಐತ್ವ, ಓತ್ವ, ಓತ್ವದ ದೀರ್ಘ. ಔತ್ವಕ್ಕೆ ತೊಂದರೆ ಇಲ್ಲ.”

ಅಲ್ಲಿಗೆ ಕೆಲಸ ನಿಂತು ಹೆಸರಿನ ಪರೀಕ್ಷೆ ಶುರುವಾಯಿತು. ರಂಗಣ್ಣ ಪಾಸ್. ರೂಪಾ ಪಾಸ್. ನಾಗೇಶ ಫೇಲ್. ಇಷ್ಟೆಲ್ಲ ಪಾಠ ಹೇಳಿದ ಸತೀಶನೂ ಫೇಲ್. ಗೋಪಾಲ, ಶೈಲಾ, ದೀಪಾ, ಇವರ ಮದುವೆ ಒಪ್ಪಿಕೊಳ್ಳೋದೇ ಬೇಡ ಅಂದ ನಾಗೇಶ. ಜಾತಕ ಕೂಡಿದ ಮೇಲೆ ಯೂನಿಕೋಡೂ ಕೂಡಬೇಕು ಅಂತ ಅಡ್ವಾನ್ಸ್ ರಸೀದಿಯಲ್ಲೇ ಛಾಪಿಸು ಅಂದರು ರಂಗಣ್ಣ.

ರಿಪೇರಿ ಮಾತ್ರ ಚಿಕ್ಕದು. ರೂಪಾ ಮಾಡಿದ ಹೊಸ ಫೋಲ್ಡರಿಗೆ ಬೇರೆ ಹೆಸರಿಟ್ಟು ದಾರಿ ಬಿಡಿಸಿ, ಸತೀಶ ಡಬ್ಬದೊಳಗೆ ‘ಕಾನ್ವ್‌ಎಂವಿ’ ಅನ್ನೋ ಸಣ್ಣ ಪ್ರೋಗ್ರಾಂ ಓಡಿಸಿದ. ಬಿಡಿಸಿದ ಹೆಸರುಗಳನ್ನು ಕೂಡಿಸಿ ಬರೆಯುವುದು ಅದರ ಕೆಲಸ. ಒಳ್ಳೇ ಗುಣವೆಂದರೆ, ಮೊದಲ ಸಲ ಏನನ್ನೂ ಮುಟ್ಟದೆ, ಹೀಗೆ ಮಾಡುತ್ತೇನೆ ಅಂತ ಪಟ್ಟಿ ಮಾತ್ರ ತೋರಿಸುತ್ತದೆ. ನಿಜವಾಗಿ ಮಾಡು ಅಂತ ಬೇರೆಯಾಗಿ ಹೇಳಬೇಕು. ಅದನ್ನು ಬರೆದಿರುವುದು ಪರ್ಲ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ. ಶುರುವಿನಲ್ಲೇ ನಿಮ್ಮ ಪರ್ಲ್‌ಗೆ ಚಿಗಟ ಹತ್ತಿದೆ ಅಂತ ಎಚ್ಚರಿಕೆಯನ್ನೂ ಕೊಟ್ಟಿತು. ಸತೀಶ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ನನಗೆ ಮಾತ್ರ ಬಹಳ ಹಿಡಿಸಿತು. ಮ್ಯಾಕ್‌ನವರು ಇದನ್ನು ನೋಡಿ ಕಲಿಯಲಿ.

ಪರದೆ ಮೇಲೆ ಪಟ್ಟಿ ಓಡತೊಡಗಿತು. ಮೋಹನ-ಗೀತಾ, ಲೋಕೇಶ-ಶೈಲಜಾ, ದೀಪಕ-ರೋಹಿಣಿ. ರಂಗಣ್ಣ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

“ನಿಲ್ಲಿಸಪ್ಪ. ಅದೇನದು, ನಾಗೇಶ-ಜ್ಯೋತಿ?”

ನಾಗೇಶ ಟೀ ಲೋಟದೊಳಗೆ ನೋಡಿದ.

“ನಿನ್ನ ಮದುವೇದೇ ತಾನೆ? ಊರಿಗೆಲ್ಲ ಆಲ್ಬಂ ಕೊಟ್ಟ, ನನಗಿನ್ನೂ ಕೊಟ್ಟಿಲ್ಲ ಅಂತ ಜ್ಯೋತಿ ಅಂತಿರ್ತಾಳಲ್ಲ, ಅದೇನಾ?”

“ಸತೀಶ” ಅಂದ ನಾಗೇಶ ಮೆತ್ತಗೆ, “ಅದೊಂದನ್ನ ಹಾಗೇ ಬಿಟ್ಬಿಡೋ. ಕೇಳಿದ್ರೆ ಯೂನಿಕೋಡ್ ಅಂತ ಹೇಳ್ಕೊಂಡು ಇನ್ನೊಂದು ವರ್ಷ ತಳ್ತೀನಿ.”

ಸತೀಶ ಕೈ ಹಿಂದಕ್ಕೆ ತೆಗೆದ. ಆದರೆ ಕೀಬೋರ್ಡ್ ಆಗ ಅವನ ಮುಂದೆ ಇರಲಿಲ್ಲ.

“ಎಂಟರ್ ಒತ್ತಾಯ್ತು ಸರ್” ಅಂದಳು ರೂಪಾ. “ತೆರೀತಿದೆ. ಸಾವಿರದೆಂಟುನೂರು ಫೋಟೋ ಇದೆ. ಸೆಲೆಕ್ಷನ್‌ಗೆ ಅಕ್ಕನ್ನ ನಾಳೆ ಬರಹೇಳ್ಲಾ?”