ಏಳು ಭಾಷೆ ಗೊತ್ತುಂಟು, ಮೀಟಿಂಗಿನಲ್ಲಿ ಯಾವುದು?

(ಹಳೇ ವಿದ್ಯಾರ್ಥಿಗಳ ಗುಂಪು, ಕಾಸರಗೋಡು)

ಶಾಲಿನಿ ಪೆರ್ಲ: ಫಾರ್ವರ್ಡ್ ಮಾಡಿದ್ದು – "ನನ್ನ ಮೊದಲ ಇಂಟರ್ನ್‌ಶಿಪ್ ಇವತ್ತಿಗೆ ಮುಗಿಯಿತು. ಜರ್ಮನಿ, ದುಬೈ, ಪುಣೆ, ಚೆನ್ನೈ ಎಲ್ಲ ಕಡೆಯವರ ಜೊತೆ ಕೆಲಸ ಮಾಡಿದೆ. ಸಪ್ತಭಾಷಾ ಸಂಗಮಭೂಮಿಯವನು ನಾನು, ಯಾರು ಸಿಕ್ಕಿದರೂ ಅವರ ಭಾಷೆಯಲ್ಲೇ ಮಾತಾಡಿದೆ. ಸಿಕ್ಕಿದ್ದು ಆಫೀಸಲ್ಲ, ಕುಟುಂಬ."
ನಮ್ಮೂರಿನ ಹುಡುಗ ಬರೆದದ್ದು. ಚಂದ ಉಂಟಲ್ಲ?

ಪ್ರಸಾದ್ ಬದಿಯಡ್ಕ: ಚಂದ ಉಂಟು. ಆದ್ರೆ ಎಂತ ಕೆಲಸ ಮಾಡಿದ ಅಂತ ಒಂದು ಸಾಲೂ ಇಲ್ವಲ್ಲ ಮಾರಾಯ್ತಿ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದ ಮೇಲೆ ಇಂಟರ್ನ್‌ಶಿಪ್ಪಿಗೂ ಕ್ರೆಡಿಟ್ ಉಂಟು. ವರದಿ ಹೀಗೇ ಬರೆದ್ರೆ ವೈವಾದಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳ್ತಾನೆ.

ವಿದ್ಯಾ, ಎಚ್.ಆರ್.: ನನ್ನ ತಕರಾರು ಬೇರೆ. "ಯಾರು ಸಿಕ್ಕಿದರೂ ಅವರ ಭಾಷೆಯಲ್ಲೇ" ಅನ್ನೋದೇ ನಮ್ಮ ಊರಿನವರ ದೊಡ್ಡ ಸಮಸ್ಯೆ.

ಶಾಲಿನಿ ಪೆರ್ಲ: ಇದೆಂಥ ಮಾತು! ತುಳು, ಮಲಯಾಳ, ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲ ಕೇಳ್ತಾ ಬೆಳೆದ ಮಕ್ಕಳು. ಬೇರೆ ಊರಿನವರಿಗೆ ಉಂಟಾ ಈ ಭಾಗ್ಯ?

ವಿದ್ಯಾ, ಎಚ್.ಆರ್.: ಇಬ್ಬರೇ ಇರುವಾಗ ಭಾಗ್ಯವೇ. ಮೂರನೆಯವ ಬಂದ ಕೂಡ್ಲೆ ಕತೆ ಬೇರೆ. ಕಾಲ್‌ನಲ್ಲಿ ನಾಲ್ಕು ಜನ ಅಂತ ಇಟ್ಕೊಳ್ಳಿ. ಮೂವರಿಗೆ ಮಲಯಾಳ ಬರ್ತದೆ, ಒಬ್ಬ ಪುಣೆಯವ. ಎಡೆಯಲ್ಲಿ ಎರಡು ನಿಮಿಷ ಮಲಯಾಳದಲ್ಲಿ ಮಾತಾಗಿ ತೀರ್ಮಾನವೂ ಆಗ್ತದೆ. ಪುಣೆಯವನ ಕಿವಿಗೆ ಬಿದ್ದದ್ದು "ಫೈಲ್", "ಫ್ರೈಡೇ" ಎರಡೇ. ಮರುದಿನ ಅವ ಹಳೇ ಫೈಲಿನ ಮೇಲೆಯೇ ಕೆಲಸ ಮಾಡಿರ್ತಾನೆ. ಮತ್ತೆ "ನಿನ್ನೆಯೇ ಹೇಳಿದ್ದೆವಲ್ಲ" ಅಂತ ಅವನ ಮೇಲೆಯೇ ಗೂಬೆ ಕೂರಿಸುದು.

ರಫೀಕ್ ದುಬೈ: ವಿದ್ಯಾ, ಅದು ಎ.ಸಿ. ರೂಮಿನ ಲೆಕ್ಕ. ಗೋಡೌನಲ್ಲಿ ಫೋರ್ಕ್‌ಲಿಫ್ಟ್ ಹಿಂದೆ ನಿಲ್ಲಬೇಡ ಅಂತ ಇಂಗ್ಲಿಷಲ್ಲಿ ಹೇಳಿ ಪ್ರಯೋಜನ ಇಲ್ಲ. ಸೇಫ್ಟಿ ಮಾತು ಕೇಳುವವನ ಭಾಷೆಯಲ್ಲೇ ಹೇಳ್ಬೇಕು. ಹೇಳಿ ಆದ ಮೇಲೆ "ಗೊತ್ತಾಯ್ತಾ" ಅಂತ ಕೇಳ್ಬಾರದು, ಯಾವನೂ ಗೊತ್ತಾಗ್ಲಿಲ್ಲ ಅನ್ನುದಿಲ್ಲ. "ಈಗ ನೀನು ಮಾಡಿ ತೋರಿಸು" ಅನ್ಬೇಕು. ಅಲ್ಲಿ ನಮ್ಮ ಏಳು ಭಾಷೆಗೆ ಬೆಲೆ ಉಂಟು.

ವಿದ್ಯಾ, ಎಚ್.ಆರ್.: ಒಪ್ಪಿದೆ. ತೀರ್ಮಾನದ ವಿಷಯ ಮಾತ್ರ ಒಪ್ಪುದಿಲ್ಲ. ಯಾವ ಭಾಷೆಯಲ್ಲಿ ಮಾತಾಡಿದ್ರೂ ಕಾಲ್ ಮುಗಿದ ಕೂಡ್ಲೆ ಎಲ್ಲರೂ ಇರುವ ಚಾಟಿನಲ್ಲಿ ಮೂರು ಸಾಲು ಬೀಳ್ಬೇಕು: ಏನು ತೀರ್ಮಾನ, ಯಾರು ಮಾಡುದು, ಯಾವ ದಿನಕ್ಕೆ. ಬರೆಯುವ ಕೆಲಸ ಇಂಟರ್ನಿಗೇ ಕೊಟ್ರೆ ಒಳ್ಳೆದು, ಪ್ರಶ್ನೆ ಕೇಳ್ಲಿಕ್ಕೆ ಅವನಿಗೊಂದು ನೆಪ ಆಗ್ತದೆ.

ಪ್ರಸಾದ್ ಬದಿಯಡ್ಕ: ದಿನ ಬರೆಯುವಾಗ 03/04 ಅಂತ ಹಾಕ್ಬಾರದು. ನಮಗೆ ಅದು ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ತಿಂಗಳನ್ನು ಅಕ್ಷರದಲ್ಲೇ ಬರೀಬೇಕು. ಜರ್ಮನಿಯವರ ಶೀಟಿನಲ್ಲಿ 1.500 ಅಂತಿದ್ರೆ ಸಾವಿರದ ಐನೂರು, ಒಂದೂವರೆ ಅಲ್ಲ. ಅವರಲ್ಲಿ ಚುಕ್ಕೆಗೂ ಅಲ್ಪವಿರಾಮಕ್ಕೂ ಕೆಲಸ ಅದಲುಬದಲು. ಹಾಗೇ ಕಾಪಿ ಮಾಡಿ ನಮ್ಮ ಎಕ್ಸೆಲ್‌ಗೆ ಹಾಕಿದ್ರೆ ಮೊತ್ತ ಎಲ್ಲ ಹಾಳು. ಹುಡುಗ ಇಂಥದ್ದೊಂದು ಬರೆದಿದ್ರೆ ಜರ್ಮನಿಯವರ ಜೊತೆ ಕೆಲಸ ಮಾಡಿದ್ದು ಹೌದು ಅಂತ ನಂಬಬಹುದಿತ್ತು.

ರಫೀಕ್ ದುಬೈ: ಟೈಮ್ ಕೂಡ. ಅಕ್ಟೋಬರಿನ ಕೊನೇ ಭಾನುವಾರ ಜರ್ಮನಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗ್ತದೆ. ಅವರ 11 ಗಂಟೆಯ ಮೀಟಿಂಗ್ ಅಷ್ಟರವರೆಗೆ ನಮ್ಮ ಊರಲ್ಲಿ 2.30ಕ್ಕೆ, ಮರುದಿನದಿಂದ 3.30ಕ್ಕೆ. ದುಬೈ ಯಾವಾಗಲೂ ಒಂದೂವರೆ ಗಂಟೆ ಹಿಂದೆ, ಬದಲಾಗುದಿಲ್ಲ. ವಾರದ ರಜೆ ಸಹ ನೋಡ್ಬೇಕು. ಯುಎಇ ಸರ್ಕಾರಿ ಆಫೀಸಿಗೆ 2022ರಿಂದ ಶನಿ-ಭಾನುವಾರ ರಜೆ, ಸೌದಿಯಲ್ಲಿ ಶುಕ್ರ-ಶನಿ. ಗುರುವಾರ ಸಂಜೆ ಸೌದಿಗೆ ಮೇಲ್ ಹಾಕಿ ಶುಕ್ರವಾರ ಉತ್ತರ ಕಾದ್ರೆ ಬರ್ಲಿಕ್ಕುಂಟಾ?

ಶಾಲಿನಿ ಪೆರ್ಲ: ಅಯ್ಯೋ, ಖುಷಿಯಲ್ಲಿ ನಾಲ್ಕು ಸಾಲು ಬರೆದದ್ದಕ್ಕೆ ಇಷ್ಟು ಪೋಸ್ಟ್‌ಮಾರ್ಟಂ! ಕುಟುಂಬ ಅಂದದ್ದೂ ತಪ್ಪಾ ಇನ್ನು?

ವಿದ್ಯಾ, ಎಚ್.ಆರ್.: ತಪ್ಪಲ್ಲ ಅಕ್ಕ, ನಷ್ಟ. ಕುಟುಂಬ ಅಂದುಕೊಂಡವ ಸ್ಟೈಪೆಂಡ್ ಬಾಕಿ ಕೇಳ್ಲಿಕ್ಕೆ, ಸರ್ಟಿಫಿಕೇಟಿನ ತಪ್ಪು ತಿದ್ದಿಸ್ಲಿಕ್ಕೆ ಸಂಕೋಚಪಡ್ತಾನೆ. ಸರ್ಟಿಫಿಕೇಟಿನಲ್ಲಿ ಸೇರಿದ ದಿನ, ಮುಗಿದ ದಿನ, ಯಾವ ವಿಭಾಗ, ಎಂತ ಕೆಲಸ, ಸಹಿ, ಎಲ್ಲ ಬೇಕು. ನಮ್ಮ ಕಡೆಯವರಿಗೆ ಮುಖ್ಯ ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಮನೆ ಹೆಸರೋ ಪೂರ್ತಿ, ಸರ್ಟಿಫಿಕೇಟಿನಲ್ಲಿ ಮೂರನೇ ರೀತಿ. ಗಲ್ಫಿಗೆ ಅರ್ಜಿ ಹಾಕುವಾಗ ಇದಕ್ಕೇ ತೊಂದರೆ ಬರುದು.

ಶಾಲಿನಿ ಪೆರ್ಲ: ಅದು ಸರಿ, ಹೆಸರು ನೋಡ್ಲಿಕ್ಕೆ ಹೇಳ್ತೇನೆ. ಕುಟುಂಬ ಅಂದದ್ದರಲ್ಲಿ ನನಗೆ ಈಗಲೂ ತಪ್ಪು ಕಾಣುದಿಲ್ಲ.

ಪ್ರಸಾದ್ ಬದಿಯಡ್ಕ: ಬಿಡುವ ಮೊದಲು ಕೆಲಸ ಹ್ಯಾಂಡ್‌ಓವರ್ ಮಾಡಿದ್ದಾನಾ? ಶೀಟ್ ಎಲ್ಲ ಅವನ ಆಫೀಸ್ ಗೂಗಲ್ ಅಕೌಂಟಿನ ಮೈ ಡ್ರೈವಿನಲ್ಲಿದ್ರೆ, ವರ್ಗಾಯಿಸದೆ ಅಕೌಂಟ್ ಡಿಲೀಟ್ ಮಾಡಿದಾಗ ಅವೂ ಹೋಗ್ತವೆ. ಹಾಗಂತ ಸ್ವಂತ ಜಿಮೇಲಿಗೆ ಕಳಿಸಿಕೊಳ್ಳಬಾರದು, ಗೌಪ್ಯತೆ ಒಪ್ಪಂದಕ್ಕೆ ಸಹಿ ಹಾಕಿರ್ತಾನೆ. ಅವನ ಕೆಲಸ ನೋಡ್ಕೊಳ್ಳುವ ಮೆಂಟರ್ ಹೆಸರಿಗೆ ಫೈಲಿನ ಓನರ್ ಬದಲಾಯಿಸಿ, ಅರ್ಧಕ್ಕೆ ನಿಂತದ್ದು ಯಾವುದು, ಮುಂದೆ ಯಾರನ್ನು ಕೇಳ್ಬೇಕು ಅಂತ ಒಂದು ಪುಟ ಬರೆದಿಡ್ಬೇಕು.

ಶಾಲಿನಿ ಪೆರ್ಲ: ಕೇಳಿದೆ. ಓನರ್ ಬದಲಾಯಿಸುದು ಅಂದ್ರೆ ಎಂತ ಅಂತ ನನ್ನನ್ನೇ ಕೇಳ್ತಾನೆ. ಅಕೌಂಟ್ ಸಂಜೆ 6ಕ್ಕೆ ಬಂದ್ ಅಂತೆ.

ವಿದ್ಯಾ, ಎಚ್.ಆರ್.: ಈಗ 4.40. ಪೋಸ್ಟಿಗೆ ಲೈಕ್ ಎಣಿಸುದು ಬಿಟ್ಟು ಫೈಲಿನ ಶೇರ್ ಬಟನ್ ಒತ್ಲಿ, ಮೆಂಟರ್ ಹೆಸರಿನ ಎದುರು ಎಡಿಟರ್ ಅಂತ ಇರುವಲ್ಲಿ ಒತ್ತಿದ್ರೆ ಓನರ್‌ಶಿಪ್ ವರ್ಗಾಯಿಸುವ ಆಯ್ಕೆ ಕಾಣ್ತದೆ.