ಸಿಸ್ಟಮ್ ಕೈಕೊಟ್ಟ ದಿನ: ಕೌಂಟರ್ ಅಕ್ಕನನ್ನು ಕೇಳಿ

ಕೌಂಟರ್ ಅಕ್ಕ: ವಿಮಾನ ಕಂಪನಿಯ ಚೆಕ್‌ಇನ್ ಕೌಂಟರ್‌ನಲ್ಲಿ 14 ವರ್ಷ ಕೂತವಳು ನಾನು. ಏನಿದೆಯೋ ಕೇಳಿ.

ಕಿಟಕಿಸೀಟು: ಕಂಪ್ಯೂಟರ್ ಸರಿಹೋದ ಮೇಲೂ ವಿಮಾನ ಯಾಕೆ ರದ್ದಾಗುತ್ತವೆ?

ಕೌಂಟರ್ ಅಕ್ಕ: ಪೈಲಟ್ ಒಂದು ಊರಲ್ಲಿ, ವಿಮಾನ ಇನ್ನೊಂದು ಊರಲ್ಲಿ ಉಳಿದಿರುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಸೈಬರ್ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ಕೂತವು. ಅಮೆರಿಕದ ಡೆಲ್ಟಾ ವಿಮಾನ ಕಂಪನಿಯಲ್ಲಿ ಸಿಬ್ಬಂದಿಯ ಲೆಕ್ಕ ಇಡುವ ಸಾಫ್ಟ್‌ವೇರೇ ಹಿಂದೆ ಬಿತ್ತು. ಕೆಲವೇ ದಿನಗಳಲ್ಲಿ ಸುಮಾರು 7,000 ವಿಮಾನ ರದ್ದಾದವು.

ಲೆಕ್ಕಿಗ: 'ಆ್ಯಪ್‌ನಲ್ಲಿ ನೀವೇ ಬೇಗ ಕ್ಯಾನ್ಸಲ್ ಮಾಡಿ, ಪೂರ್ತಿ ದುಡ್ಡು ವಾಪಸ್' ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜಾನಾ?

ಕೌಂಟರ್ ಅಕ್ಕ: ಬೇಡ. ಕಂಪನಿ ರದ್ದು ಮಾಡುವ ಮೊದಲೇ ನೀವು ಮಾಡಿದರೆ ಅದು ನಿಮ್ಮ ರದ್ದು, ದುಡ್ಡು ಕಡಿತ ಆಗಬಹುದು. ಕಂಪನಿಯೇ ವಿನಾಯಿತಿ ಹೇಳಿದ್ದರೆ ಮಾತ್ರ ಬೇರೆ ಮಾತು. ಇಂಥ ಫಾರ್ವರ್ಡ್ ಬರೆಯುವವರು ಕೌಂಟರಿನ ಈಚೆ ಒಂದು ದಿನ ಕೂರಬೇಕು.

ಹೊಸಮರಿ: ಅಕ್ಕಾ, ಅಮ್ಮನಿಗೆ 72. ಒಬ್ಬರೇ ಹೋಗಿ ನಡುವಿನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದಾರೆ. ಮುಂದಿನ ವಿಮಾನ ಬೇರೆ ಕಂಪನಿಯದು, ಟಿಕೆಟ್ಟೂ ಬೇರೆ. ಇನ್ಸುಲಿನ್ ಲಗೇಜಿನಲ್ಲಿದೆ.

ಕೌಂಟರ್ ಅಕ್ಕ: ಟಿಕೆಟ್ ಆಮೇಲೆ. ಮೊದಲು ಇನ್ಸುಲಿನ್. ಎದುರಿಗೆ ಸಿಕ್ಕ ಸಿಬ್ಬಂದಿಗೆ ಅಮ್ಮ ಅದೊಂದೇ ಮಾತು ಹೇಳಲಿ. ಬ್ಯಾಗ್ ಹುಡುಕಲು ಗಂಟೆಗಟ್ಟಲೆ ಆಗಬಹುದು, ಅದನ್ನೇ ನಂಬಿ ಕೂರಬೇಡಿ. ನಿಲ್ದಾಣದ ವೈದ್ಯರ ಹತ್ತಿರ ಕರೆದೊಯ್ಯಲು ಕೇಳಲಿ. ಒಮ್ಮೆ ಒಬ್ಬ ಅಜ್ಜ ಸಂಕೋಚಕ್ಕೆ ಎರಡು ಗಂಟೆ ಸುಮ್ನೆ ಸಾಲಲ್ಲಿ ನಿಂತಿದ್ದರು. ಕೈ ನಡುಗುವುದು ಕಂಡ ಮೇಲೇ ನನಗೆ ಗೊತ್ತಾಗಿದ್ದು.

ಈಗ ಟಿಕೆಟ್. ಎರಡನೇ ಕಂಪನಿಗೆ ಅಮ್ಮ ಬರೀ 'ಬಾರದ ಪ್ರಯಾಣಿಕ'. ಆ ವಿಮಾನ ಹೊರಡುವ ಮುಂಚೆ ನೀವೇ ಮನೆಯಿಂದ ಫೋನ್ ಮಾಡಿ. ಇಲ್ಲದಿದ್ದರೆ ಅದೇ ಟಿಕೆಟ್ಟಿನ ವಾಪಸ್ ಪ್ರಯಾಣವೂ ಹೋಗಬಹುದು. ಮೊದಲ ಕಂಪನಿಯಿಂದ ವಿಳಂಬದ ಚೀಟಿ ಬರೆಸಿಕೊಳ್ಳಲಿ, ಕೈಬರಹವಾದರೂ ಸರಿ. ಲಗೇಜ್ ಚೀಟಿಯ ಫೋಟೋ ತರಿಸಿಕೊಳ್ಳಿ.

ಹಳೇಪ್ರಯಾಣಿಕ: ಇಷ್ಟೆಲ್ಲ ಯಾಕೆ? ಜೋರಾಗಿ ಕೂಗಾಡಿದರೆ ಸೀಟು ತಾನಾಗೇ ಬರುತ್ತದೆ.

ಕಿಟಕಿಸೀಟು: ಕೂಗಿದವರಿಗೆ ಬರುವುದು ಸೆಕ್ಯುರಿಟಿ ರೀ.

ಹಳೇಪ್ರಯಾಣಿಕ: ನೀವು ಕಂಪನಿ ಕಡೆಯವರಾ?

ಲೆಕ್ಕಿಗ: ವೋಚರ್ ಕೊಟ್ಟರೆ ತಗೋಬೇಕಾ?

ಕಿಟಕಿಸೀಟು: ಮರ್ಯಾದೆ ಕೇಳಿದರೆ ಕಂಪನಿ ಕಡೆಯವರಾ?

ಸದಾಪಯಣ: ನಾವೇ ಕ್ಯಾನ್ಸಲ್ ಮಾಡಿದರೆ ಪೂರ್ತಿ ಹಣ ಬರುತ್ತಾ?

ಕೌಂಟರ್ ಅಕ್ಕ: ಮೇಲೆ ಓದಿ.

ಹಳೇಪ್ರಯಾಣಿಕ: ನೋಡಿ, ಇವರ ಕೌಂಟರಿನ ಬುದ್ಧಿ ಇಲ್ಲೂ ಬಿಟ್ಟಿಲ್ಲ.

ಕೌಂಟರ್ ಅಕ್ಕ: ನಿಮಗೆ ಉತ್ತರ ಇಲ್ಲ. ಹೊಸಮರಿ, ಇನ್ಸುಲಿನ್ ಸಿಕ್ಕಿತಾ?

ಹೊಸಮರಿ: ಅಮ್ಮನ ಫೋನ್ ಆಫ್ ಆಗಿದೆ.

ಕೌಂಟರ್ ಅಕ್ಕ: ಚಾರ್ಜ್ ಮುಗಿದಿರಬೇಕು. ನಿಲ್ದಾಣದ ಸಹಾಯವಾಣಿಗೆ ಕರೆ ಮಾಡಿ, ಹೆಸರು ಕೂಗಿಸಿ. ಇಲ್ಲಿ ಬರೆಯುತ್ತಾ ಕೂರಬೇಡಿ, ಈಗಲೇ.