ಫಸ್ಟ್ ಟೈಮ್ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ತಗೊಳಾಕ ಹೊಂಟೀನಿ, ಏನೇನ್ ನೋಡ್ಬೇಕ್ರಿ?

ಗಂಗಾವತಿ ಬೊಲೆರೊ
ಎಲ್ಲಾರಿಗೂ ನಮಸ್ಕಾರ್ರಿ. ಪುಣೆದಾಗ ಪರಿಚಯದವರೊಬ್ರು ಗಾಡಿ ಹಿಂದ ಎಳಕೊಂಡು ಹೋಗೋ ಕ್ಯಾರವಾನ್ ಮಾರಾಕತ್ತಾರ, 2014ರದು, ಮಲಗಾಕ ನಾಕು ಮಂದಿಗಿ ಜಾಗ, ಸಣ್ಣ ಅಡಗಿ ಕಟ್ಟಿ, ಒಳಗ ಟಾಯ್ಲೆಟ್. ನಮ್ಮವ್ವಗ ಮೊಣಕಾಲ ನೋವು, ದಾರಿಯಾಗ ಟಾಯ್ಲೆಟ್ ಚಿಂತಿಗೇ ಮೂರು ವರ್ಷದಿಂದ ಎಲ್ಲಿಗೂ ಬಂದಿಲ್ಲ, ಇದಿದ್ರ ಬರ್ತೀನಿ ಅಂದಾಳ. ಫೋಟೋದಾಗ ಹೊಸ ಪೇಂಟು, ಹೊಸ ಪರದೆ, ಮಸ್ತ್ ಕಾಣತೈತಿ. ಬರೋ ಐತವಾರ ನೋಡಾಕ ಹೊಂಟೀನಿ. ನನಗ ಇದರಾಗ ಏನೂ ಗೊತ್ತಿಲ್ಲ, ತಿಳಿದವರು ಹೇಳ್ರಿ.

ಬಳ್ಳಾರಿ ಕೋಟೆ
ಹೊಸ ಪೇಂಟ್ ಅಂದ್ರಲ್ಲ ಅಣ್ಣ, ಅಲ್ಲೇ ನಂಗೆ ಭಯ ಆಯ್ತು. ನಾನು ತಗೊಂಡಿದ್ದು ಬೇಸಿಗೇಲಿ, ಎಲ್ಲಾ ಒಣಗಿತ್ತು, ಮೊದಲ್ನೇ ದೊಡ್ಡ ಮಳೆಗೆ ಕಿಟಕಿ ಕೆಳಗಿನ ಪ್ಲೈವುಡ್ ಉಬ್ಬಿ ಬೆರಳಿಟ್ರೆ ನೆಂದ ರೊಟ್ಟಿ ಥರ ಒಳಗೆ ಹೋಯ್ತು. ಹಳೇ ಕ್ಯಾರವಾನಲ್ಲಿ ಬಹಳಷ್ಟಕ್ಕೆ ಹೊರಗೆ ತೆಳು ಶೀಟು, ಒಳಗೆ ಪ್ಲೈ, ನಡುವೆ ಕಟ್ಟಿಗೆ ಫ್ರೇಮು, ಜಾಯಿಂಟಲ್ಲಿ ನೀರಿಳಿದ್ರೆ ಫ್ರೇಮೇ ಕೊಳಿತೈತೆ, ಹೊರಗೆ ಏನೂ ಗೊತ್ತಾಗಲ್ಲ. ಮೂಲೆ ಮೂಲೆ, ಮೇಲಿನ ಗಾಳಿಕಿಂಡಿ ಸುತ್ತ, ಬೆಡ್ ಕೆಳಗಿನ ಬಾಕ್ಸ್ ಒಳಗೆ ಹೆಬ್ಬೆಟ್ಟಿಂದ ಒತ್ತಿ ನೋಡ್ರಿ. ನಾನು ಬರೋವರೆಗೂ ಬಾಗಿಲು ತೆಗೀಬೇಡ್ರಿ ಅಂತ ಮಾರೋರಿಗೆ ಮೊದ್ಲೇ ಹೇಳಿಬಿಡ್ರಿ, ತೆಗೆದ ತಕ್ಷಣ ಮುಗ್ಗಲು ವಾಸನೆ ಬಂದ್ರೆ ವಾಪಸ್ ಬಂದ್ಬಿಡ್ರಿ. ಪೈಪ್ ಸಿಕ್ರೆ ಅರ್ಧ ತಾಸು ರೂಫ್ ಮೇಲೆ ನೀರು ಬಿಡಿಸಿ ಟಾರ್ಚ್ ಹಿಡ್ಕೊಂಡು ಒಳಗೆ ಕೂತ್ಕೊಳ್ರಿ.

ರಾಯಚೂರು ಟ್ರ್ಯಾಕ್ಟರ್ ಮೇಸ್ತ್ರಿ
ಟೈರ್ ಬಗ್ಗೆ ಯಾರೂ ಹೇಳ್ಲಿಲ್ಲಲ್ರಿ. ನಿಂತ ಗಾಡಿ ಟೈರ್ ಸವದಿರಂಗಿಲ್ಲ, ಮ್ಯಾಲಿನ ಗುಂಡಿ (ಥ್ರೆಡ್) ಹಂಗೇ ಇರ್ತಾವ, ಆದ್ರ ಬಿಸಲಿಗೆ ಸೈಡಿನ ರಬ್ಬರ್ ಸೀಳಿರ್ತೈತಿ. ಸೈಡಿಗೆ ನಾಕು ಅಂಕಿ ಇರ್ತಾವ, 2316 ಅಂತ ಇದ್ರ 2016ರ 23ನೇ ವಾರದಾಗ ತಯಾರಾಗಿದ್ದು, ಅಂಥವು ಇದ್ರ ಹೊಸ ಟೈರಿನ ರೊಕ್ಕ ಮುರಕೊಂಡೇ ರೇಟ್ ಮಾತಾಡ್ರಿ. ಬೇರಿಂಗ್ ಗ್ರೀಸು, ಬ್ರೇಕು ಮಾಡಿಸದ ಪುಣೆ ಬಿಡಬ್ಯಾಡ್ರಿ.

ಇನ್ನ ಲೋಡು. ಬಂಡಿ ಹಿಂದ ಭಾರಾದ್ರ ಮೂಕಿ ಮ್ಯಾಲ ಏಳ್ತೈತಲ್ಲ, ಇದೂ ಹಂಗ. ಭಾರದ ಸಾಮಾನು ಅಚ್ಚಿನ ಮ್ಯಾಲ, ತಳಕ್ಕ ಇಡ್ರಿ, ಮುಂದಿನ ಹುಕ್ಕಿನ ಮ್ಯಾಲ ಒಟ್ಟು ತೂಕದಾಗ ನೂರಕ್ಕ 5ರಿಂದ 7ರಷ್ಟು ಭಾರ ಬೀಳಬೇಕು. ಹಿಂದ ಭಾರಾಗಿ ಹೈವೇದಾಗ ಬಾಲ ತೂಗಾಡಾಕತ್ತಿದ್ರ ಜೋರ ಬ್ರೇಕ್ ಹೊಡಿಬ್ಯಾಡ್ರಿ, ಸ್ಟೇರಿಂಗ್ ನೆಟ್ಟಗ ಹಿಡಿದು ಎಕ್ಸಲೇಟರ್ ಬಿಡ್ರಿ. ರಿವರ್ಸ್ ನಿಮಗ ಟ್ರ್ಯಾಲಿ ಹೊಡದು ರೂಢಿ ಇದ್ರ ತ್ರಾಸ ಇಲ್ಲ. ಕ್ಯಾರವಾನಿಗೆ ಬ್ಯಾರೇನ ಆರ್‌ಸಿ ಇರ್ತೈತಿ, ಚಾಸಿ ನಂಬರ್ ತಾಳೆ ನೋಡ್ರಿ, ಮಹಾರಾಷ್ಟ್ರದ ಆರ್‌ಟಿಓದ ಎನ್‌ಓಸಿ (ತಕರಾರಿಲ್ಲ ಅನ್ನೋ ಪತ್ರ) ಕೈಗೆ ಬರೂತನಕ ಪೂರ್ತಿ ರೊಕ್ಕ ಕೊಡಬ್ಯಾಡ್ರಿ.

ಕೊಪ್ಪಳದಕ್ಕ
ಗ್ಯಾಸ್ ಪೈಪು, ರೆಗ್ಯುಲೇಟರ್ ಹಳೇವು ಎಷ್ಟ ಚೊಲೊ ಕಂಡ್ರೂ ಕಿತ್ತು ಹೊಸಾವು ಹಾಕಸ್ರಿ, ಸಾಬೂನು ನೀರು ಹಚ್ಚಿ ಗುಳ್ಳಿ ಬರ್ತಾವೇನ್ ನೋಡ್ರಿ. ಗ್ಯಾಸು ಗಾಳಿಗಿಂತ ಭಾರ, ಸೋರಿದ್ರ ಕೆಳಗ ಕೂಡ್ತೈತಿ, ಅದಕ್ಕ ತಳದಾಗ ತೂತು ಬಿಟ್ಟಿರ್ತಾರ. ಇಲಿ ಬರ್ತಾವಂತ ನಮ್ಮನಿಯವರು ಬಟ್ಟಿ ತುರುಕಿದ್ರು, ನಾ ನೋಡಿ ತಗದೆ. ಮೊದಲ ರಾತ್ರಿ ನಿಮ್ಮನಿ ಅಂಗಳದಾಗ ಮಲಗಿ ನೋಡ್ರಿ, ಆಮ್ಯಾಲ ಸಣಾಪುರ ಕಡೆ ಹೋಗ್ರಿ. ಏಪ್ರಿಲ್ ಮೇದಾಗ ಮಾತ್ರ ಬ್ಯಾಡ, ಒಳಗ ಹಂಚಿನ ಮ್ಯಾಲ ಕುಂತಂಗ ಆಗ್ತೈತಿ, ಅವ್ವಾರಿಗೆ ತಡಿಯಂಗಿಲ್ಲ.

ಗಂಗಾವತಿ ಬೊಲೆರೊ
ಬಾಳ ಉಪಕಾರ ಆತ್ರಿ ಎಲ್ಲಾರದೂ. ಬಾಗಿಲು ತೆಗೀಬ್ಯಾಡ್ರಿ ಅಂತ ಈಗ ಫೋನ್ ಮಾಡಿ ಹೇಳೀನಿ. ಇದನ್ನೆಲ್ಲಾ ಅವ್ವಗ ಓದಿ ಹೇಳಿದ್ರ ಆಕಿ ಕೇಳಿದ್ದು ಒಂದ, ಮೆಟ್ಲ ಎಷ್ಟು ಎತ್ತರ ಐತಪಾ ಅಂತ. ಟೇಪ್ ತಗೊಂಡು ಹೊಂಟೀನಿ.